ಘಾನಾದ ಬಜೆಟ್‌ಗೆ ಸಿಕ್ಕಿಬಿದ್ದ ಡಿಫೆಂಡರ್

2022ರ ಕೊನೆಗೆ ಘಾನಾದಲ್ಲಿ ಹಣದುಬ್ಬರ ಶೇಕಡಾ 50 ದಾಟಿತ್ತು. ಅಲ್ಲಿನ ಕರೆನ್ಸಿ ಸೆಡಿ ಮಕಾಡೆ ಮಲಗಿತ್ತು. ಬಜೆಟ್ ಚರ್ಚೆಗೆ ಎದ್ದು ನಿಂತ ವಿರೋಧ ಪಕ್ಷದ ಸಂಸದ ಐಸಾಕ್ ಅಡೊಂಗೊ ಹಿಡಿದದ್ದು ಯಾರ ಜುಟ್ಟು? ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ಬು ಮ್ಯಾಂಚೆಸ್ಟರ್ ಯುನೈಟೆಡ್‌ನ ಡಿಫೆಂಡರ್, ಅಂದರೆ ಎದುರಾಳಿಯ ಗೋಲು ತಡೆಯಬೇಕಾದ ಆಟಗಾರ, ಹ್ಯಾರಿ ಮ್ಯಾಗ್ವೈರ್‌ನದು. ಎದುರಾಳಿಗೆ ಗೋಲು ಹೊಡೆಯಲಾಗದಿದ್ದರೆ ಇವನೇ ಹೊಡೆದುಕೊಡುತ್ತಾನೆ, ನಮ್ಮ ದೇಶದ ಉಪಾಧ್ಯಕ್ಷ ಬಾವುಮಿಯಾ ಅವರೂ ಅರ್ಥವ್ಯವಸ್ಥೆಯ ಮ್ಯಾಗ್ವೈರ್ ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಪದ್ಧತಿ ಸಂಸದೀಯ ದಾಖಲೆಗೂ ಸೇರಿತು.

ಎಮ್ಮೆಯ ತಪ್ಪಾದರೂ ಏನು? 2019ರಲ್ಲಿ ಲೆಸ್ಟರ್ ಕ್ಲಬ್ಬಿನಿಂದ ಯುನೈಟೆಡ್‌ಗೆ 8 ಕೋಟಿ ಪೌಂಡ್‌ಗೆ ಬಂದ. ಡಿಫೆಂಡರ್ ಒಬ್ಬನಿಗೆ ಅಲ್ಲಿಯವರೆಗೆ ಯಾರೂ ಅಷ್ಟು ತೆತ್ತಿರಲಿಲ್ಲ. ಚೆಕ್ಕಿಗೆ ಸಹಿ ಹಾಕಿದ್ದು ಕ್ಲಬ್ಬು, ಬೈಸಿಕೊಂಡದ್ದು ಇವನು. ಫಾರ್ವರ್ಡ್ ಹತ್ತು ಅವಕಾಶ ಕೈಚೆಲ್ಲಿ ಹನ್ನೊಂದನೆಯದಕ್ಕೆ ಗೋಲು ಹೊಡೆದರೆ ಹೀರೋ. ಡಿಫೆಂಡರ್ ಹತ್ತು ತಡೆದು ಒಂದು ಬಿಟ್ಟರೆ ಸಂಜೆಯೊಳಗೆ ಮೀಮು. 2018ರ ವಿಶ್ವಕಪ್ ಕ್ವಾರ್ಟರ್ ಫೈನಲ್‌ನಲ್ಲಿ ಸ್ವೀಡನ್ ವಿರುದ್ಧ ತಲೆಯಿಂದ ಗೋಲು ಹೊಡೆದಾಗ ಇಂಗ್ಲೆಂಡಿಗೆ ಆ ದೊಡ್ಡ ತಲೆಯ ಮೇಲೆ ಎಲ್ಲಿಲ್ಲದ ಮುದ್ದು. 2022ರ ಮಾರ್ಚ್‌ನಲ್ಲಿ ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಅವನ ಹೆಸರು ಓದುತ್ತಿದ್ದಂತೆಯೇ ಸ್ವಂತ ದೇಶದ ಅಭಿಮಾನಿಗಳು ಕೂಗಿ ಅಣಕಿಸಿದರು. ಚೆಂಡು ಇನ್ನೂ ಉರುಳಿರಲಿಲ್ಲ ಸ್ವಾಮಿ! ಅಪರಾಧಕ್ಕೆ ಮುಂಚೆಯೇ ಶಿಕ್ಷೆ ಮುಗಿಸಿಬಿಡುವ ಇಂಥ ಶೀಘ್ರ ನ್ಯಾಯಾಲಯ ಬೇರೆಲ್ಲೂ ಇರಲಾರದು. 2023ರ ಜುಲೈನಲ್ಲಿ ಕ್ಲಬ್ಬಿನ ನಾಯಕತ್ವವೂ ಹೋಯಿತು.

ಆಮೇಲೆ ಮನುಷ್ಯ ಒಂದು ಎಡವಟ್ಟು ಮಾಡಿಕೊಂಡ. ಚೆನ್ನಾಗಿ ಆಡತೊಡಗಿದ. 2023ರ ನವೆಂಬರ್‌ಗೆ ಪ್ರೀಮಿಯರ್ ಲೀಗ್‌ನ ತಿಂಗಳ ಆಟಗಾರ! ಅವನನ್ನೇ ನಂಬಿ ಭಾಷಣ ಕಟ್ಟಿದ್ದ ಸಂಸದರ ಗತಿ? ಅಡೊಂಗೊ ಮತ್ತೆ ಸದನದಲ್ಲಿ ಎದ್ದರು, ಮತ್ತೆ ಬಜೆಟ್ ಚರ್ಚೆಯಲ್ಲೇ, ಮ್ಯಾಗ್ವೈರ್‌ಗೆ ಕ್ಷಮೆ ಕೇಳಿದರು. ಆತ ಸುಧಾರಿಸಿದ, ನಮ್ಮ ಮ್ಯಾಗ್ವೈರ್ ಮಾತ್ರ ಇದ್ದ ಹಾಗೇ ಇದ್ದಾರೆ ಎಂಬ ಧಾಟಿ. ಅಷ್ಟರಲ್ಲಿ ದೇಶ ವಿದೇಶಿ ಸಾಲದ ಕಂತು ನಿಲ್ಲಿಸಿ, ಅಂತರರಾಷ್ಟ್ರೀಯ ಹಣಕಾಸು ನಿಧಿ ಐಎಂಎಫ್‌ನಿಂದ 300 ಕೋಟಿ ಡಾಲರ್‌ ನೆರವಿಗೆ ಒಪ್ಪಿಗೆ ಪಡೆದಾಗಿತ್ತು.

ಸಾವಿರಾರು ಮೈಲಿ ಆಚೆಯ ಡಿಫೆಂಡರ್‌ನ ಫಾರ್ಮನ್ನು ವಾರವಾರ ಗಮನಿಸಿ, ತೀರ್ಪು ತಿದ್ದಿ, ದಾಖಲೆಗೆ ಸೇರಿಸುವಷ್ಟು ಶ್ರದ್ಧೆ ಒಂದು ಶಾಸನಸಭೆಗಿದೆ. ಆ ಶ್ರದ್ಧೆ ಸೆಡಿಯ ಮೇಲಿದ್ದಿದ್ದರೆ ಎಂದು ಕೇಳುವವರು ಫುಟ್‌ಬಾಲ್ ನೋಡದವರೇ ಇರಬೇಕು.

ಮ್ಯಾಗ್ವೈರ್ ದೊಡ್ಡ ಮನಸ್ಸು ಮಾಡಿದ. ಕ್ಷಮಿಸಿದ್ದೇನೆ, ಓಲ್ಡ್ ಟ್ರಾಫರ್ಡ್‌ನಲ್ಲಿ (ಯುನೈಟೆಡ್‌ನ ಮೈದಾನದಲ್ಲಿ) ಸಿಗೋಣ ಎಂದು ಬರೆದ. ಎರಡು ಬಜೆಟ್‌ಗಳ ಚರ್ಚೆಯಿಂದ ಖಚಿತವಾಗಿ ಇತ್ಯರ್ಥವಾದದ್ದು ಇದೊಂದೇ ವಿಷಯ.