ಮಾರುತ್‌ಗೆ ಒಂದೇ ಸಾಲು ಸಾಲದು

ಬೆಂಗಳೂರಿನ ವಿಮಾನ ಕಾರ್ಖಾನೆ ಎಚ್‌ಎಎಲ್‌ನ ಮ್ಯೂಸಿಯಂ ಬಗ್ಗೆ ನೀವು ಲೇಖನ ಬರೆದದ್ದು ಖುಷಿಯಾಯಿತು. ಆದರೆ ಅಲ್ಲಿರುವ ಎಚ್‌ಎಫ್-24 ಮಾರುತ್ ವಿಮಾನವನ್ನು ಲೇಖನದಲ್ಲಿ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಭಾರತದಲ್ಲೇ ರೂಪುಗೊಂಡ ಮೊದಲ ಜೆಟ್ ಯುದ್ಧ ವಿಮಾನ ಅದು. ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ. ಜರ್ಮನಿಯ ವಿಮಾನ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಇಲ್ಲಿಗೆ ಬಂದು ನಮ್ಮ ಎಂಜಿನಿಯರ್‌ಗಳ ಜೊತೆ ಕೂತು ವಿನ್ಯಾಸ ಮಾಡಿದರು. 1961ರ ಜೂನ್‌ನಲ್ಲಿ ಮೊದಲ ಬಾರಿ ಹಾರಿತು.

ಅದಕ್ಕೆ ತಕ್ಕ ಎಂಜಿನ್ ಮಾತ್ರ ಸಿಗಲೇ ಇಲ್ಲ. ಶಬ್ದದ ಎರಡು ಪಟ್ಟು ವೇಗಕ್ಕೆಂದು ಯೋಚಿಸಿ ಮಾಡಿದ ಮೈಕಟ್ಟು ಅದರದು. ಅಂದುಕೊಂಡಿದ್ದ ಶಕ್ತಿಶಾಲಿ ಎಂಜಿನ್‌ನ ಕೆಲಸವನ್ನು ಬ್ರಿಟನ್‌ನಲ್ಲಿ ಅರ್ಧಕ್ಕೇ ನಿಲ್ಲಿಸಿದರು. ಕೊನೆಗೆ ಅಷ್ಟು ಶಕ್ತಿಯಿಲ್ಲದ ಎರಡು ಆರ್ಫಿಯಸ್ 703 ಎಂಜಿನ್‌ಗಳಲ್ಲೇ ಹಾರಬೇಕಾಯಿತು. ಆ ಚೂಪು ಮೂಗು, ಹಿಂದಕ್ಕೆ ಬಾಗಿದ ರೆಕ್ಕೆ ನೋಡಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಆದರೂ 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಚೆನ್ನಾಗಿಯೇ ಕೆಲಸ ಮಾಡಿತು. ಇದೇನು ಸಣ್ಣ ಮಾತಲ್ಲ, ಅಲ್ವಾ?

ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಮುಂದೆ ಕೂಡ ಒಂದು ಮಾರುತ್ ಇದೆ. ಮಕ್ಕಳು ಅದರ ಮುಂದೆ ಫೋಟೋ ತೆಗೆಸಿಕೊಂಡು ಸುಮ್ನೆ ಒಳಗೆ ಹೋಗುತ್ತಾರೆ. ಇನ್ನೊಂದು ಜರ್ಮನಿಯಲ್ಲಿ, ಮ್ಯೂನಿಕ್ ಹತ್ತಿರದ ಶ್ಲೈಸ್‌ಹೈಮ್ ಮ್ಯೂಸಿಯಂನಲ್ಲಿದೆ. ಟ್ಯಾಂಕ್ ಅವರ ದೇಶದವರು ಅದನ್ನು ಛಾವಣಿಯ ಕೆಳಗೆ ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ನಮ್ಮಲ್ಲಿ ಬಯಲಲ್ಲಿ ನಿಂತ ವಿಮಾನಗಳಿಗೂ ಒಂದು ಸೂರು, ಪಕ್ಕದಲ್ಲಿ ಈ ಕತೆಯನ್ನು ಕನ್ನಡದಲ್ಲಿ ಹೇಳುವ ದೊಡ್ಡ ಫಲಕ ಬೇಕು. ಮುಂದಿನ ಲೇಖನ ಬರೀ ಮಾರುತ್ ಬಗ್ಗೆಯೇ ಬರೆಯಿರಿ, ದಯವಿಟ್ಟು.