ಎಂ.ಎಸ್‌ಸಿ. ಆಯಿತು, ಮುಂದೇನು ಎಂದು ಜೂನ್‌ನಲ್ಲಿ ಕೇಳುವವರಿಗೆ

ಮೇ, ಜೂನ್ ಬಂತೆಂದರೆ ಊರ ಕಡೆಯ ಫೋನ್ ಕರೆಗಳು ಶುರುವಾಗುತ್ತವೆ. ಒಮ್ಮೆ ತೀರ್ಥಹಳ್ಳಿಯ ದಾಯಾದಿಗಳು, ಇನ್ನೊಮ್ಮೆ ಹೊಸನಗರದ ನೆಂಟರ ನೆಂಟರು. "ನಮ್ಮ ಹುಡುಗಿಯದು ಎಂ.ಎಸ್‌ಸಿ. ಕೆಮಿಸ್ಟ್ರಿ ಮುಗಿಯಿತು, ಫಸ್ಟ್ ಕ್ಲಾಸ್. ನಿಮ್ಮ ಹೈದರಾಬಾದಿನಲ್ಲಿ ಎಲ್ಲಾದರೂ ಹೇಳಿ ನೋಡಲಿಕ್ಕೆ ಆಗುತ್ತದೆಯೇ?" ಹುಡುಗಿಗೇ ಫೋನ್ ಕೊಡಿ ಎಂದರೆ ಅವಳು "ನಮಸ್ಕಾರ ಚಿಕ್ಕಪ್ಪ" ಎಂದು ಸುಮ್ಮನಾಗುತ್ತಾಳೆ. ಸಂಶೋಧನಾ ಫೆಲೋಷಿಪ್‌ಗೂ ಅಧ್ಯಾಪಕ ಹುದ್ದೆಗೂ ಬೇಕಾದ ನೆಟ್ ಪರೀಕ್ಷೆ ಬರೆದಿದ್ದೀಯೇನಮ್ಮಾ ಎಂದರೆ, ಇನ್ನು ಮೇಲೆ ಓದಬೇಕು ಎಂಬ ಉತ್ತರ. ಬಿ.ಎಸ್‌ಸಿ. ಕೊನೆಯ ವರ್ಷದಲ್ಲಿ ಜ್ಯಾಮ್ ಬರೆದಿರಲಿಲ್ಲವೇ ಎಂದರೆ, ಅದೇನೆಂದು ಅವಳೇ ನನ್ನನ್ನು ಕೇಳುತ್ತಾಳೆ. ಐಐಟಿಗಳಂಥ ಕಡೆ ಎಂ.ಎಸ್‌ಸಿ. ಸೇರಲು ಬರೆಯುವ ಪ್ರವೇಶ ಪರೀಕ್ಷೆ ಅದು.

ಹೈದರಾಬಾದಿನಲ್ಲಿ ನನ್ನನ್ನು ಇದೇ ವಿಷಯಕ್ಕೆ ಹಿಡಿದು ನಿಲ್ಲಿಸುವವರು ಬಿ.ಎಸ್‌ಸಿ. ಎರಡನೆಯ ವರ್ಷದ ಮಕ್ಕಳು. ನಮ್ಮ ಕಟ್ಟಡದಲ್ಲಿರುವ ತೆಲುಗು ಹುಡುಗನೊಬ್ಬ ಲಿಫ್ಟಿನಲ್ಲಿ ಸಿಕ್ಕಾಗ, ಜ್ಯಾಮ್‌ನಲ್ಲಿ ಒಳ್ಳೆಯ ರ್‍ಯಾಂಕ್ ಬಂದರೆ ಐಐಟಿಯ ಎಂ.ಎಸ್‌ಸಿ. ಒಳ್ಳೆಯದೋ, ಬೆಂಗಳೂರಿನ ಐಐಎಸ್‌ಸಿಯ ಎಂ.ಎಸ್‌ಸಿ.ಯೂ ಸೇರಿದ ಇಂಟಿಗ್ರೇಟೆಡ್ ಪಿಎಚ್‌.ಡಿ. ಒಳ್ಳೆಯದೋ ಎಂದು ಕೇಳಿದ. ಅವನೇನೂ ಅಸಾಧಾರಣ ಬುದ್ಧಿವಂತನಲ್ಲ. ಅವನ ಅಣ್ಣ, ಅಣ್ಣನ ಗೆಳೆಯ, ಕಾಲೇಜಿನ ಹಿರಿಯರು ಎಲ್ಲರೂ ಈ ದಾರಿಯಲ್ಲಿ ನಡೆದವರು, ಅಷ್ಟೇ. ನಮ್ಮ ಹುಡುಗಿಗೆ ಕಡಿಮೆಯಾದದ್ದು ಅಂಕವೂ ಅಲ್ಲ, ಬುದ್ಧಿಯೂ ಅಲ್ಲ. ಎರಡು ವರ್ಷ ಮೊದಲೇ ಅವಳ ಕಿವಿಗೆ ಬೀಳಬೇಕಿದ್ದ ನಾಲ್ಕು ಮಾತು ಬೀಳಲಿಲ್ಲ.

ಇಲ್ಲಿ ಆ ಮಾತು ಗಾಳಿಯಲ್ಲೇ ಇರುವುದಕ್ಕೆ ಕಾರಣವಿದೆ. 1961ರಲ್ಲಿ ಕೇಂದ್ರ ಸರ್ಕಾರ ಐಡಿಪಿಎಲ್ ಎಂಬ ಔಷಧ ಕಂಪನಿಯನ್ನು ಹುಟ್ಟುಹಾಕಿ, ಸೋವಿಯತ್ ನೆರವಿನಿಂದ ಅದರ ಒಂದು ಕಾರ್ಖಾನೆಯನ್ನು ಇಲ್ಲಿ ಕಟ್ಟಿಸಿತು. 1970ರ ಪೇಟೆಂಟ್ ಕಾಯ್ದೆ ಔಷಧಕ್ಕೆ ಪೇಟೆಂಟ್ ಕೊಡದೆ ತಯಾರಿಸುವ ವಿಧಾನಕ್ಕೆ ಮಾತ್ರ ಕೊಟ್ಟಾಗ, ಅದೇ ಔಷಧವನ್ನು ಬೇರೆ ದಾರಿಯಲ್ಲಿ ತಯಾರಿಸಬಲ್ಲ ರಸಾಯನಶಾಸ್ತ್ರಜ್ಞರಿಗೆ ಬೆಲೆ ಬಂತು. ಐಡಿಪಿಎಲ್‌ನಲ್ಲಿ ಕೆಲಸ ಕಲಿತವರು ಹೊರಬಂದು ತಮ್ಮದೇ ಕಾರ್ಖಾನೆ ಹಾಕಿದರು. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಪಿಎಚ್‌.ಡಿ. ಮಾಡಿ ಐಡಿಪಿಎಲ್ ಸೇರಿದ್ದ ಅಂಜಿ ರೆಡ್ಡಿ 1984ರಲ್ಲಿ ಡಾ. ರೆಡ್ಡೀಸ್ ಕಟ್ಟಿದ್ದು ಎಲ್ಲರಿಗೂ ಗೊತ್ತಿರುವ ಕಥೆ. ಐಡಿಪಿಎಲ್ ಸೊರಗಿತು, ಅದರ ಮರಿಗಳು ಬೆಳೆದವು.

ಇದನ್ನು ಕೇಳಿದಾಗೆಲ್ಲ ನನಗೆ ಭದ್ರಾವತಿ ನೆನಪಾಗಿ ಸ್ವಲ್ಪ ಸಿಟ್ಟೇ ಬರುತ್ತದೆ. 1923ರಲ್ಲಿ ಅಲ್ಲಿ ಕಬ್ಬಿಣ ಕರಗತೊಡಗಿದಾಗ ಕುಲುಮೆಗೆ ಬೇಕಾದ ಇದ್ದಿಲು ಮಲೆನಾಡಿನ ಕಾಡಿನಿಂದಲೇ ಬರುತ್ತಿತ್ತು. ಮರವನ್ನು ಗಾಳಿಯಾಡದಂತೆ ಕಾಯಿಸಿ ಇದ್ದಿಲು ಮಾಡುವಾಗ ಬರುವ ಹೊಗೆಯನ್ನು ತಣಿಸಿ ಮೆಥನಾಲ್, ಅಸಿಟೇಟ್, ಟಾರ್ ತೆಗೆಯುತ್ತಿದ್ದರು. ಹೈದರಾಬಾದಿನವರು ಔಷಧದ ಕನಸು ಕಾಣುವ ಎಷ್ಟೋ ಮೊದಲೇ ನಮ್ಮ ಜಿಲ್ಲೆಯಲ್ಲಿ ಕೈಗಾರಿಕಾ ರಸಾಯನಶಾಸ್ತ್ರ ಇತ್ತು. ಆಮೇಲೆ ಕಾಗದದ ಕಾರ್ಖಾನೆಯೂ ಬಂತು. ಎರಡೂ ಕಡೆ ತಲೆಮಾರುಗಟ್ಟಲೆ ಜನ ದುಡಿದರು, ಕ್ವಾರ್ಟರ್ಸ್‌ನಲ್ಲಿ ಬಾಳಿದರು, ನಿವೃತ್ತರಾದರು. ಕಲಿತ ಕೆಲಸವನ್ನು ಹೊರಗೆ ತಂದು ಬೇರೆ ಹೂಡಿದವರು ಮಾತ್ರ ಕಾಣಲಿಲ್ಲ. ಕಾಡು, ನದಿಗಳ ದೃಷ್ಟಿಯಿಂದ ಅದು ಒಳ್ಳೆಯದೇ ಆಯಿತು ಎನ್ನುವವರಿದ್ದಾರೆ. ಹೈದರಾಬಾದ್ ಪಕ್ಕದ ಪಟಂಚೆರುವಿನಲ್ಲಿ ಕಾರ್ಖಾನೆಗಳ ಕೊಳಕಿನಿಂದ ಕೆರೆಗಳಿಗೆ ಬಂದ ಗತಿಯನ್ನು ನೋಡಿದ ಮೇಲೆ ಅವರೊಂದಿಗೆ ಜಗಳವಾಡಲು ನನಗೆ ಧೈರ್ಯವಿಲ್ಲ. ಆದರೆ ಮಕ್ಕಳಿಗೆ ದಾರಿ ಹೇಳಬಲ್ಲ ಹಿರಿಯರ ಸಾಲೊಂದು ನಮ್ಮಲ್ಲಿ ಬೆಳೆಯಲಿಲ್ಲ ಎಂಬುದೂ ನಿಜ.

ಹಾಗಾಗಿ ಆ ನಾಲ್ಕು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ಜ್ಯಾಮ್ ನಡೆಯುವುದು ಫೆಬ್ರವರಿಯಲ್ಲಿ, ಆದರೆ ಅರ್ಜಿ ಹಾಕುವುದು ಹಿಂದಿನ ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ, ಅಂದರೆ ನಮ್ಮಲ್ಲಿ ದಸರಾ ರಜೆಯ ಸಮಯಕ್ಕೆ. ಬಯೋಕೆಮಿಸ್ಟ್ರಿಯವರು ಇನ್ನಷ್ಟು ಗೊಂದಲಕ್ಕೆ ಬೀಳುತ್ತಾರೆ, ಏಕೆಂದರೆ ಜ್ಯಾಮ್‌ನಲ್ಲಿ ಆ ಹೆಸರಿನ ಪತ್ರಿಕೆಯೇ ಇಲ್ಲ. ಅವರು ಬಯೋಟೆಕ್ನಾಲಜಿಯನ್ನೋ ಕೆಮಿಸ್ಟ್ರಿಯನ್ನೋ ಆರಿಸಿಕೊಳ್ಳಬೇಕು. ಮುಂದೆ ಎಂ.ಟೆಕ್., ಪಿಎಚ್‌.ಡಿ. ಪ್ರವೇಶಕ್ಕೆಂದು ಗೇಟ್ ಪರೀಕ್ಷೆ ಬರೆಯುವಾಗ ಅವರದು ಲೈಫ್ ಸೈನ್ಸಸ್ ಪತ್ರಿಕೆ. ಅದರಲ್ಲಿ ಕೆಮಿಸ್ಟ್ರಿ ಭಾಗ ಕಡ್ಡಾಯ, ಬಯೋಕೆಮಿಸ್ಟ್ರಿ ಆಯ್ಕೆಯ ಭಾಗಗಳಲ್ಲಿ ಒಂದು. ಸಿಎಸ್‌ಐಆರ್ ನೆಟ್‌ನಲ್ಲಿಯೂ ಅವರು ಲೈಫ್ ಸೈನ್ಸಸ್ ಬರೆಯಬೇಕು. ಅಂದರೆ ಪರಿಸರ ವಿಜ್ಞಾನ, ವಿಕಾಸವಾದವನ್ನೂ ಓದದೆ ಗತಿಯಿಲ್ಲ. ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯದಂಥ ಕಡೆ ಎಂ.ಎಸ್‌ಸಿ.ಗೆ ಸಿಯುಇಟಿ ಎಂಬ ಪ್ರವೇಶ ಪರೀಕ್ಷೆ ಬೇರೆ ಇದೆ.

ನೆಟ್ ಬರೆಯುವುದಕ್ಕೆ ಎಂ.ಎಸ್‌ಸಿ. ಮುಗಿಯುವವರೆಗೆ ಕಾಯಬೇಕಿಲ್ಲ, ಕೊನೆಯ ವರ್ಷದಲ್ಲೇ ಬರೆಯಬಹುದು. ಜೆಆರ್‌ಎಫ್ ಎಂಬ, ನೆಟ್‌ನಿಂದ ಪಿಎಚ್‌.ಡಿ. ವಿದ್ಯಾರ್ಥಿಗಳಿಗೆ ಸಿಗುವ ಫೆಲೋಷಿಪ್ ಕೈಗೆ ಬಂತೆಂದರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000 ರೂಪಾಯಿ. ಇದು 2023ರ ಜನವರಿಯಿಂದ ಜಾರಿಯಾದ ದರ, ಮನೆ ಬಾಡಿಗೆ ಭತ್ಯೆ ಬೇರೆ. ಔಷಧ ಕಂಪನಿಯ ಕ್ವಾಲಿಟಿ ಕಂಟ್ರೋಲ್ ವಿಭಾಗಕ್ಕೆ ಹೊಸದಾಗಿ ಸೇರಿ ರಾತ್ರಿ ಪಾಳಿ ಮಾಡುವ ಎಷ್ಟೋ ಎಂ.ಎಸ್‌ಸಿ. ಪದವೀಧರರ ಕೈಗೆ ಇಷ್ಟು ಬರುವುದಿಲ್ಲ. "ಇನ್ನೂ ಐದು ವರ್ಷ ಓದಿಸಲಿಕ್ಕೆ ನಮ್ಮ ಕೈಲಾಗುತ್ತದೆಯೇ" ಎಂದು ಕೇಳುವ ಅಡಿಕೆ ತೋಟದ ಅಪ್ಪಂದಿರಿಗೆ ಈ ಲೆಕ್ಕವನ್ನು ಯಾರೂ ಬಿಡಿಸಿ ಹೇಳಿರುವುದಿಲ್ಲ.

ವಿದೇಶದ ವಿಷಯದಲ್ಲಿಯೂ ಇದೇ ತಪ್ಪು ಲೆಕ್ಕ. ಹೈದರಾಬಾದಿನಲ್ಲಿ ಅಮೆರಿಕ ಎಂದರೆ ಸಾಲ ಮಾಡಿ ಎಂ.ಎಸ್.; ಕೆಮಿಸ್ಟ್ರಿ ಓದಿದವನೂ ಅಲ್ಲಿಗೆ ಹೋಗಿ ಡೇಟಾ ಸೈನ್ಸ್ ಸೇರುತ್ತಾನೆ. ಆ ಚಾಳಿ ಈಗ ಶಿವಮೊಗ್ಗಕ್ಕೂ ಬರುತ್ತಿದೆ, ತೋಟದ ಪಹಣಿ ಹಿಡಿದು ಬ್ಯಾಂಕಿಗೆ ಹೋಗುವವರಿದ್ದಾರೆ. ಆದರೆ ಅಲ್ಲಿನ ಕೆಮಿಸ್ಟ್ರಿ, ಬಯೋಕೆಮಿಸ್ಟ್ರಿ ಪಿಎಚ್‌.ಡಿ.ಗೆ ಸೇರಿದವರಿಗೆ ಸಾಮಾನ್ಯವಾಗಿ ಬೋಧನಾ ಶುಲ್ಕ ಮನ್ನಾ ಆಗುತ್ತದೆ. ಪದವಿ ತರಗತಿಗಳ ಲ್ಯಾಬ್ ನೋಡಿಕೊಳ್ಳುವ ಕೆಲಸಕ್ಕೆ ತಿಂಗಳ ಸಂಭಾವನೆಯೂ ಬರುತ್ತದೆ. ಜರ್ಮನಿಯಲ್ಲಂತೂ ಪಿಎಚ್‌.ಡಿ. ವಿದ್ಯಾರ್ಥಿಯನ್ನು ಹೆಚ್ಚಾಗಿ ಒಪ್ಪಂದದ ನೌಕರನಾಗಿಯೇ ತೆಗೆದುಕೊಳ್ಳುತ್ತಾರೆ. ಮೂರು ವರ್ಷದ ಬಿ.ಎಸ್‌ಸಿ.ಯನ್ನು ಅಮೆರಿಕದ ಎಲ್ಲ ವಿಶ್ವವಿದ್ಯಾಲಯಗಳೂ ಒಪ್ಪುವುದಿಲ್ಲ. ಕರ್ನಾಟಕ 2021ರಲ್ಲಿ ನಾಲ್ಕು ವರ್ಷದ ಪದವಿ ತಂದು 2024ರಲ್ಲಿ ಮತ್ತೆ ಮೂರಕ್ಕೆ ಇಳಿದದ್ದರಿಂದ ಮಕ್ಕಳು ತಬ್ಬಿಬ್ಬಾಗಿದ್ದಾರೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಎಂ.ಎಸ್‌ಸಿ. ಮಾಡಿದವರಿಗೆ ಈ ತೊಡಕೇ ಇಲ್ಲ.

ಅವರಿಗೆ ತೊಡಕಾಗುವುದು ಶಿಫಾರಸು ಪತ್ರ. ಸಾಮಾನ್ಯವಾಗಿ ಮೂರು ಬೇಕು. ನಮ್ಮ ಮೇಷ್ಟ್ರುಗಳು ಬರೆದುಕೊಡುವ ಪತ್ರಗಳನ್ನು ನೋಡಿದ್ದೇನೆ: ಇವರ ನಡತೆ ತೃಪ್ತಿಕರ, ಶ್ರಮಜೀವಿ, ಭವಿಷ್ಯ ಉಜ್ವಲವಾಗಲಿ ಎಂದು ಹಾರೈಸುತ್ತೇನೆ. ಹೈಸ್ಕೂಲಿನ ವರ್ಗಾವಣೆ ಪತ್ರಕ್ಕೆ ಅಷ್ಟು ಸಾಕು. ಆಯ್ಕೆ ಸಮಿತಿಯವರಿಗೆ ಬೇಕಾದದ್ದು ಬೇರೆ. ಪ್ರಾಜೆಕ್ಟ್ ಮಾಡುವಾಗ ರಿಯಾಕ್ಷನ್ ಕೈಕೊಟ್ಟರೆ ಈ ಹುಡುಗಿ ಏನು ಮಾಡಿದಳು, ಟಿಎಲ್‌ಸಿ ಪ್ಲೇಟಿನಲ್ಲಿ (ರಿಯಾಕ್ಷನ್ ಎಲ್ಲಿಗೆ ಬಂತೆಂದು ನೋಡುವ ಪಟ್ಟಿ) ಬೇಡದ ಚುಕ್ಕೆ ಕಂಡಾಗ ಅದನ್ನು ಬಿಟ್ಟಳೋ ಬೆನ್ನು ಹತ್ತಿದಳೋ, ಅದನ್ನು ಬರೆಯಬೇಕು. ಹೈದರಾಬಾದಿನವರು ಇದನ್ನು ಚೆನ್ನಾಗಿ ಬಲ್ಲರು. ಎಷ್ಟು ಬಲ್ಲರೆಂದರೆ ಕೆಲವು ವಿದ್ಯಾರ್ಥಿಗಳು ಪತ್ರವನ್ನು ತಾವೇ ಬರೆದುಕೊಂಡು ಹೋಗಿ ಸಹಿ ಮಾತ್ರ ಹಾಕಿಸಿಕೊಳ್ಳುತ್ತಾರೆ. ಅದನ್ನು ನಮ್ಮವರು ಕಲಿಯುವುದು ಬೇಡ.

ಇಲ್ಲಿನ ಕೋಚಿಂಗ್ ವ್ಯಾಪಾರವೂ ನನಗೆ ಹಿಡಿಸಿದ್ದಲ್ಲ. ನಮ್ಮ ಔಷಧ ಕಂಪನಿಯ ಸಂದರ್ಶನಕ್ಕೆ ಬರುವವರಲ್ಲಿ ರಿಯಾಕ್ಷನ್ ಹಂತಹಂತವಾಗಿ ಹೇಗೆ ನಡೆಯುತ್ತದೆಂಬುದನ್ನು ಗಡಗಡ ಹೇಳುವ, ಆದರೆ ದ್ರಾವಣ ಅಳೆಯುವ ಬ್ಯುರೆಟ್ಟಿನ ತುದಿಯಲ್ಲಿ ಗುಳ್ಳೆ ನಿಂತದ್ದನ್ನು ಗಮನಿಸದ ಮಕ್ಕಳು ಬೇಕಾದಷ್ಟಿದ್ದಾರೆ. ಮಲೆನಾಡಿನಿಂದ ಬಂದವರ ಕೈ ಒಟ್ಟಿನಲ್ಲಿ ಪಳಗಿರುತ್ತದೆ. ಮಳೆಗಾಲಕ್ಕೆ ಮುಂಚೆ ಅಡಿಕೆಗೆ ಕೊಳೆ ಬರದಂತೆ ಬೋರ್ಡೋ ದ್ರಾವಣ ಹೊಡೆಯುವ ಮನೆಯಲ್ಲಿ ಬೆಳೆದವರು ಅವರು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ದ್ರಾವಣ ಸರಿಬಂದಿದೆಯೇ ಎಂದು ನೋಡಲು ಉಜ್ಜಿದ ಕತ್ತಿಯ ಅಲಗನ್ನು ಅದ್ದುತ್ತಾರೆ, ಕೆಂಪು ಕೂತರೆ ಇನ್ನಷ್ಟು ಸುಣ್ಣ. ಏಕೆ ಕೆಂಪು ಎಂದು ಸಾಗರದ ಹುಡುಗನೊಬ್ಬನನ್ನು ಸಂದರ್ಶನದಲ್ಲಿ ಕೇಳಿದೆ. ಪಿಯುಸಿಯಲ್ಲಿ ಸ್ಥಾನಪಲ್ಲಟ ಕ್ರಿಯೆಗೆ ಪೂರ್ತಿ ಅಂಕ ತೆಗೆದಿದ್ದವನು ಒಂದು ಗಳಿಗೆ ಕಕ್ಕಾಬಿಕ್ಕಿಯಾಗಿ, ಆಮೇಲೆ ನಕ್ಕು, ಕಬ್ಬಿಣ ತಾಮ್ರವನ್ನು ಹೊರತಳ್ಳುತ್ತದೆ ಸರ್ ಎಂದ. ಅವನನ್ನು ತೆಗೆದುಕೊಂಡೆವು.

ಸೇರಿದ ಮೇಲೆ ಅವನು ಬಿಡಬೇಕಾಗಿ ಬಂದದ್ದು ರೆಕಾರ್ಡ್ ಬುಕ್ಕಿನ ಅಭ್ಯಾಸ. ಕಾಲೇಜಿನಲ್ಲಿ ರಫ್ ಹಾಳೆಯಲ್ಲಿ ಗೀಚಿ, ಮನೆಯಲ್ಲಿ ಅಂದವಾಗಿ ಪ್ರತಿ ಮಾಡಿ ಸಹಿ ಹಾಕಿಸುತ್ತೇವೆ. ಔಷಧ ಕಂಪನಿಯಲ್ಲಿ ಅದು ಅಪರಾಧಕ್ಕೆ ಸಮ. ತಕ್ಕಡಿ ತೋರಿಸಿದ ತೂಕವನ್ನು ಆ ಕ್ಷಣವೇ, ಶಾಯಿಯಲ್ಲಿ, ಅದೇ ಪುಸ್ತಕದಲ್ಲಿ ಬರೆಯಬೇಕು. ತಪ್ಪಾದರೆ ಹಿಂದಿನದು ಓದುವಂತೆ ಒಂದೇ ಗೆರೆ ಎಳೆದು, ಕಾರಣ ಬರೆದು, ಸಹಿ ಮತ್ತು ತಾರೀಕು ಹಾಕಬೇಕು. ಇದನ್ನು ಬಿ.ಎಸ್‌ಸಿ. ಮೊದಲ ವರ್ಷದಿಂದಲೇ ರೂಢಿ ಮಾಡಿಸಲು ಸರ್ಕಾರದ ಅನುದಾನವೇನೂ ಬೇಡ.

ಹೆಣ್ಣುಮಕ್ಕಳ ವಿಷಯ ಬೇರೆಯೇ ಹೇಳಬೇಕು. ಊರಿನಲ್ಲಿ ಅವರಿಗೆ ಇರುವ ಉತ್ತರ ಬಿ.ಇಡಿ. ಮೇಷ್ಟರಿಕೆ ಒಳ್ಳೆಯ ಕೆಲಸವೇ, ಆದರೆ ಇಷ್ಟಪಟ್ಟು ಹೋಗುವುದಕ್ಕೂ ಬೇರೆ ದಾರಿ ಕಾಣದೆ ಹೋಗುವುದಕ್ಕೂ ವ್ಯತ್ಯಾಸವಿದೆ. ಮಂಗನ ಕಾಯಿಲೆಯ ವೈರಾಣು ಪತ್ತೆಯಾದದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಹಳೆಯ ಲಸಿಕೆ ನಿಂತುಹೋಗಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಜೊತೆ ಸೇರಿ ಹೊಸದರ ಕೆಲಸಕ್ಕೆ ಇಳಿದಿರುವುದು ಹೈದರಾಬಾದಿನ ಲಸಿಕೆ ಕಂಪನಿ ಇಂಡಿಯನ್ ಇಮ್ಯುನಾಲಾಜಿಕಲ್ಸ್. ಉಣುಗು ಕಚ್ಚಿ ಜ್ವರ ಬಂದವರನ್ನು ಮನೆಯಲ್ಲೇ ಕಂಡ ಸೊರಬದ ಹುಡುಗಿಯೊಬ್ಬಳು ಬಯೋಕೆಮಿಸ್ಟ್ರಿ ಓದಿ ಅಂಥ ಲ್ಯಾಬಿನಲ್ಲಿ ಇರಬಾರದೇಕೆ? ಹಾಸ್ಟೆಲ್‌ಗಳಿವೆ, ತೆಲುಗು ಆರು ತಿಂಗಳಲ್ಲಿ ಬರುತ್ತದೆ, ಲಿಪಿ ಹೆಚ್ಚುಕಡಿಮೆ ನಮ್ಮದೇ.

ಇನ್ನೊಂದು ವಿಷಯ ಕಾಲೇಜುಗಳಿಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ, ದೇಶದ ಇನ್ನೆರಡು ಅಕಾಡೆಮಿಗಳೊಂದಿಗೆ ಸೇರಿ, ಪದವಿ ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಬೇಸಿಗೆ ಸಂಶೋಧನಾ ಫೆಲೋಷಿಪ್ ನಡೆಸುತ್ತದೆ. ಎರಡು ತಿಂಗಳು ಒಳ್ಳೆಯ ಪ್ರಯೋಗಾಲಯವೊಂದರಲ್ಲಿ ಕೆಲಸ, ಜೊತೆಗೆ ಖರ್ಚಿಗೆ ಹಣ. ಅಲ್ಲಿ ಮಾರ್ಗದರ್ಶನ ಮಾಡಿದವರ ಪತ್ರವೇ ಮುಂದೆ ಎಲ್ಲ ಬಾಗಿಲನ್ನೂ ತೆರೆಯುತ್ತದೆ. ಇದಕ್ಕೆ ಅರ್ಜಿ ಹಾಕಿ ಎಂದರೆ ನಮ್ಮ ಕಡೆಯ ಮಕ್ಕಳು ಕೊಡುವ ಉತ್ತರ, "ಆಗ ನಮಗೆ ಸೆಮಿಸ್ಟರ್ ಪರೀಕ್ಷೆ ಇರುತ್ತದೆ ಸರ್." ವೇಳಾಪಟ್ಟಿ ಹಿಂದೆಮುಂದೆ ಆಗುತ್ತಲೇ ಇರುವುದರಿಂದ ಯಾವ ತಿಂಗಳು ಬಿಡುವೆಂದು ಅವರಿಗೇ ಗೊತ್ತಿರುವುದಿಲ್ಲ. ವಿಶ್ವವಿದ್ಯಾಲಯದವರು ವರ್ಷದ ಮೊದಲಲ್ಲೇ ಪರೀಕ್ಷೆಯ ದಿನಗಳನ್ನು ಗೊತ್ತುಮಾಡಿ, ಮೇ ನಡುವಿನಿಂದ ಜುಲೈ ನಡುವಿನವರೆಗೆ ವಿಜ್ಞಾನದ ಮಕ್ಕಳನ್ನು ಬಿಟ್ಟುಕೊಟ್ಟರೆ, ಜೂನ್‌ನಲ್ಲಿ ನನಗೆ ಬರುವ ಕರೆಗಳು ಅರ್ಧಕ್ಕರ್ಧ ಕಡಿಮೆಯಾಗುತ್ತವೆ.