ಬೈಸಿಕೊಂಡ ಮುಖ

ಹೊಸ ಚಪ್ಪಲಿಯ ಒಂದು ಕಾಲು ಸೋಫಾದ ಕೆಳಗೆ ಸಿಗುತ್ತದೆ. ಅದರ ಉಂಗುಷ್ಠ ಆಗಲೇ ನಾಯಿಯ ಹೊಟ್ಟೆ ಸೇರಿದೆ. ಆಪಾದಿತ ಮೂಲೆಯಲ್ಲಿ ಕೂತಿದ್ದಾನೆ: ಕಿವಿ ಹಿಂದಕ್ಕೆ ಅಂಟಿಕೊಂಡಿವೆ, ಬಾಲ ಕಾಲಸಂದಿಯಲ್ಲಿದೆ, ಮುಖ ಗೋಡೆಯ ಕಡೆಗಿದ್ದು ಕಣ್ಣು ಮಾತ್ರ ಓರೆಯಾಗಿ ನಮ್ಮ ಕಡೆಗಿದೆ. 'ನೋಡಿ, ಮಾಡಿದ್ದು ತಪ್ಪು ಅಂತ ಅದಕ್ಕೂ ಗೊತ್ತು' ಎಂದು ಮನೆಮಂದಿಯೆಲ್ಲ ಒಕ್ಕೊರಲಿನಿಂದ ತೀರ್ಪು ಕೊಡುತ್ತಾರೆ. ಸಾಕ್ಷಿಯಿಲ್ಲದೆ, ವಕೀಲರಿಲ್ಲದೆ, ಬರೀ ಮುಖ ನೋಡಿ ಇತ್ಯರ್ಥವಾಗುವ ಮೊಕದ್ದಮೆ ಇದೊಂದೇ ಇರಬೇಕು.

ಆ ಮುಖವನ್ನೇ ವಿಚಾರಣೆಗೆ ಒಳಪಡಿಸಿದವರು ನ್ಯೂಯಾರ್ಕಿನ ಬಾರ್ನರ್ಡ್ ಕಾಲೇಜಿನ ಅಲೆಕ್ಸಾಂಡ್ರಾ ಹೊರೊವಿಟ್ಜ್. 2009ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ 14 ನಾಯಿಗಳಿದ್ದವು. ಯಜಮಾನರು ತಿಂಡಿ ತೋರಿಸಿ, ಮುಟ್ಟಬೇಡವೆಂದು ಹೇಳಿ ಆಚೆ ಹೋಗಬೇಕು. ಅವರ ಬೆನ್ನ ಹಿಂದೆ ಕೆಲವು ಸಲ ನಾಯಿಗೆ ತಿಂಡಿ ಸಿಗುತ್ತಿತ್ತು, ಕೆಲವು ಸಲ ಪ್ರಯೋಗ ನಡೆಸುವವರೇ ಅದನ್ನು ಎತ್ತಿಡುತ್ತಿದ್ದರು. ವಾಪಸು ಬಂದ ಯಜಮಾನರಿಗೆ ಪ್ರತಿಸಲವೂ ನಿಜ ಹೇಳುತ್ತಿರಲಿಲ್ಲ. ಹಾಗಾಗಿ ತಿನ್ನದ ನಾಯಿಗಳೂ ಬೈಸಿಕೊಂಡವು, ತಿಂದವು ಕೆಲವು ಸಲ ಪಾರಾದವು. ಕೊನೆಗೆ ಲೆಕ್ಕ ಹಾಕಿದರೆ, ಆ ತಪ್ಪಿತಸ್ಥ ಮುಖಕ್ಕೂ ತಿಂಡಿಗೂ ಸಂಬಂಧವೇ ಕಾಣಲಿಲ್ಲ. ಸಂಬಂಧವಿದ್ದದ್ದು ಬೈಗುಳಕ್ಕೆ. ಏನೂ ತಿನ್ನದೆ ಬೈಸಿಕೊಂಡ ಸಾಧುಗಳಲ್ಲಿ ಆ ಮುಖ ಇನ್ನಷ್ಟು ಢಾಳಾಗಿತ್ತು.

ಅಂದರೆ ಮೂಲೆಯಲ್ಲಿರುವ ನಾಯಿ ಚಪ್ಪಲಿಯನ್ನು ನೆನೆದು ಮರುಗುತ್ತಿಲ್ಲ. ನಿಮ್ಮ ಹುಬ್ಬನ್ನು ಓದುತ್ತಿದೆ. ಚಪ್ಪಲಿ ಕಡಿದು ಒಂದು ಗಂಟೆಯಾದ ಮೇಲೆ ಬೈದರೆ ಅದು ಬೈಗುಳವನ್ನು ಚಪ್ಪಲಿಗೆ ಜೋಡಿಸುವುದಿಲ್ಲ, ಆ ಗಳಿಗೆಯಲ್ಲಿ ನಡೆಯುತ್ತಿರುವುದಕ್ಕೆ ಜೋಡಿಸುತ್ತದೆ. ನಡೆಯುತ್ತಿರುವುದು ನೀವು ಬಾಗಿಲು ತೆಗೆದು ಒಳಗೆ ಬಂದದ್ದು. ನಾಲ್ಕು ಸಲ ಹೀಗಾದರೆ ಬೀಗದ ಸದ್ದಿಗೇ ನಾಯಿ ಮಂಚದಡಿ ಸೇರುತ್ತದೆ. ನಾವು ಅದನ್ನೂ ಪಾಪಪ್ರಜ್ಞೆಯ ಖಾತೆಗೆ ಬರೆದುಕೊಳ್ಳುತ್ತೇವೆ, ಚಪ್ಪಲಿಗಳು ಹರಿಯುತ್ತಲೇ ಇರುತ್ತವೆ. ಶಹಭಾಸ್ ಆಗಲಿ, 'ಬೇಡ' ಆಗಲಿ, ಕೆಲಸ ನಡೆದ ಒಂದೆರಡು ಸೆಕೆಂಡಿನೊಳಗೆ ಸಿಗಬೇಕು. ಅಷ್ಟು ಚುರುಕು ನಮ್ಮಿಂದಾಗದಿದ್ದರೆ ಚಪ್ಪಲಿಯನ್ನು ಎತ್ತರದಲ್ಲಿಟ್ಟು, ಕಡಿಯಲೆಂದೇ ಮಾಡಿದ ಗಟ್ಟಿ ರಬ್ಬರಿನ ಆಟಿಕೆಯೊಂದನ್ನು ನೆಲದ ಮೇಲೆ ಬಿಡುವುದು ಮೇಲು.

ಮನುಷ್ಯರ ಭಾವನಾತ್ಮಕ ಬುದ್ಧಿವಂತಿಕೆಗೆ 1990ರಲ್ಲಿ ಪೀಟರ್ ಸ್ಯಾಲೋವೆ ಮತ್ತು ಜಾನ್ ಮೇಯರ್ ಒಂದು ಚೌಕಟ್ಟು ಹಾಕಿಕೊಟ್ಟರು. ಅದರ ಮೊದಲ ಮೆಟ್ಟಿಲು ತನ್ನ ಮತ್ತು ಇತರರ ಭಾವನೆಯನ್ನು ಗುರುತಿಸುವುದು. ಅದನ್ನು ಅರ್ಥಮಾಡಿಕೊಳ್ಳುವುದು, ಹತೋಟಿಯಲ್ಲಿಡುವುದು ಆಮೇಲಿನ ಮಾತು. ಇತರರನ್ನು ಓದುವ ಆ ಮೊದಲ ಮೆಟ್ಟಿಲಿನಲ್ಲಿ ನಾಯಿಗೆ ನಾವು ಸರಿಸಾಟಿಯೇ ಅಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಬೆಲ್‌ಫಾಸ್ಟಿನ ಕ್ವೀನ್ಸ್ ವಿಶ್ವವಿದ್ಯಾಲಯದವರು 2022ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ. 9000ದಿಂದ ಹಿಂದಕ್ಕೆ 17 ಕಳೆಯುತ್ತಾ ಬನ್ನಿ, ಅದೂ ಗಟ್ಟಿಯಾಗಿ, ಎಂದು ಜನರಿಗೆ ಲೆಕ್ಕ ಕೊಟ್ಟರು. ಲೆಕ್ಕಕ್ಕೆ ಮುಂಚೆ ಮತ್ತು ಲೆಕ್ಕದ ಬೆನ್ನಿಗೇ ಅವರ ಬೆವರು, ಉಸಿರುಗಳ ಮಾದರಿಯನ್ನು ಬಟ್ಟೆಯಲ್ಲಿ ಹಿಡಿದಿಟ್ಟರು. ತರಬೇತಾದ ನಾಲ್ಕು ನಾಯಿಗಳು 720 ಪರೀಕ್ಷೆಗಳಲ್ಲಿ 675 ಸಲ ಒತ್ತಡದ ವಾಸನೆಯನ್ನು ಸರಿಯಾಗಿ ಹೆಕ್ಕಿದವು. ಮುಖವಿಲ್ಲ, ದನಿಯಿಲ್ಲ, ಬಟ್ಟೆಯ ತುಂಡು ಮಾತ್ರ. ನಾವೋ, ಎದುರಿಗೆ ಕೂತು ಗಂಟೆಗಟ್ಟಲೆ ಹರಟಿದವರು ಸಂಕಟದಲ್ಲಿದ್ದರೆಂಬುದನ್ನು ಮಾರನೆಯ ದಿನ ಮೂರನೆಯವರ ಬಾಯಿಂದ ಕೇಳಿ 'ಅಯ್ಯೋ, ಹೌದಾ?' ಎನ್ನುತ್ತೇವೆ.

ದನಿಯ ವಿಷಯದಲ್ಲೂ ನಾಯಿಯನ್ನು ಏಮಾರಿಸುವುದು ಸುಲಭವಲ್ಲ. ಬುಡಾಪೆಸ್ಟಿನ ಸಂಶೋಧಕರು ಎಂಆರ್‌ಐ ಯಂತ್ರದೊಳಗೆ ಅಲ್ಲಾಡದೆ ಮಲಗುವುದನ್ನು ನಾಯಿಗಳಿಗೆ ಕಲಿಸಿದ್ದಾರೆ. ಅವರ 2016ರ ಅಧ್ಯಯನದ ಪ್ರಕಾರ, ನಾಯಿಯ ಮಿದುಳಿನ ಬಹುಮಾನದ ಕೇಂದ್ರ ಚುರುಕಾಗುವುದು ಹೊಗಳಿಕೆಯ ಮಾತು ಹೊಗಳಿಕೆಯ ರಾಗದಲ್ಲೇ ಬಂದಾಗ. ಜಾಣಮರಿ ಎಂಬುದನ್ನು ಬಸ್ಸಿನ ವೇಳಾಪಟ್ಟಿ ಓದಿದಂತೆ ಹೇಳಿದರೂ ಕೆಲಸವಾಗದು, ಅರ್ಥವಿಲ್ಲದ ಮಾತನ್ನು ಮುದ್ದುಗರೆದು ಹೇಳಿದರೂ ಆಗದು. ಮೊಬೈಲಿನಿಂದ ಕಣ್ಣೆತ್ತದೆ 'ಹೂಂ, ಗುಡ್ ಬಾಯ್' ಎನ್ನುವವರು ಇದನ್ನು ಗಮನಿಸಬೇಕು.

ಈಗ ನಮ್ಮ ಪಾಳಿ. ನಾಯಿಯನ್ನು ನಾವೆಷ್ಟು ಓದುತ್ತೇವೆ? ಬಾಲ ಅಲ್ಲಾಡಿದರೆ ಖುಷಿ, ಗುರ್ ಎಂದರೆ ಸಿಟ್ಟು. ನಮ್ಮ ಪಾಂಡಿತ್ಯ ಅಲ್ಲಿಗೆ ಮುಗಿಯಿತು. ಬಾಲವೊಂದನ್ನೇ ತೆಗೆದುಕೊಂಡರೂ ಎತ್ತಿ ಬಿರುಸಾಗಿ ನಿಲ್ಲಿಸಿ ತುದಿಯನ್ನಷ್ಟೇ ಆಡಿಸುವುದು ಎಚ್ಚರಿಕೆ. ಸೊಂಟವೂ ಸೇರಿ ಬಳುಕುವಷ್ಟು ಸಡಿಲವಾಗಿ ಬೀಸುವುದು ಸ್ನೇಹ. ಇಟಲಿಯ ಸಂಶೋಧಕರು 2007ರಲ್ಲಿ 30 ನಾಯಿಗಳನ್ನು ವಿಡಿಯೋದಲ್ಲಿ ಅಳೆದು, ಯಜಮಾನರನ್ನು ಕಂಡಾಗ ಬಾಲ ನಾಯಿಯ ಬಲಕ್ಕೆ ಹೆಚ್ಚು ವಾಲುತ್ತದೆ, ಜೋರು ಸ್ವಭಾವದ ಅಪರಿಚಿತ ನಾಯಿಯನ್ನು ಕಂಡರೆ ಎಡಕ್ಕೆ ಎಂದು ತೋರಿಸಿದರು. ಡೊಂಕು ಬಾಲದ ಬಗ್ಗೆ ಗಾದೆ ಕಟ್ಟಿದ ನಾವು ಅದು ಯಾವ ಕಡೆಗೆ ವಾಲುತ್ತದೆಂದು ನೋಡಿರಲಿಲ್ಲ.

ಮಗು ನಾಯಿಯ ಕೊರಳು ತಬ್ಬಿ ಫೋಟೋಗೆ ನಿಂತಾಗ ಎಲ್ಲರೂ ಮಗುವಿನ ನಗು ನೋಡುತ್ತಾರೆ. ಸ್ವಲ್ಪ ನಾಯಿಯ ಮುಖವನ್ನೂ ನೋಡಿ. ತೆರೆದಿದ್ದ ಬಾಯಿ ಮುಚ್ಚಿಕೊಂಡಿದೆ. ತಿನ್ನಲು ಏನಿಲ್ಲದಿದ್ದರೂ ನಾಲಿಗೆ ಸರಕ್ಕನೆ ಮೂಗಿನ ತುದಿಯನ್ನು ಸವರಿ ಒಳಹೋಗುತ್ತದೆ. ನಿದ್ದೆಯಿಲ್ಲದ ಹೊತ್ತಿನಲ್ಲಿ ಆಕಳಿಕೆ. ಮುಖ ಅತ್ತ ತಿರುಗಿ, ಕಣ್ಣಿನ ಬಿಳಿ ಅರ್ಧಚಂದ್ರದಂತೆ ಕಾಣುತ್ತದೆ. ಇದಕ್ಕೂ ಬಿಡದಿದ್ದರೆ ಮೈ ಸೆಟೆದು ನಿಲ್ಲುತ್ತದೆ, ಒಂದು ಕ್ಷಣ ಉಸಿರೂ ಕಟ್ಟಿದಂತಿರುತ್ತದೆ. ಆಮೇಲೆ ಗುರ್. ಅದಕ್ಕೂ ಕಿವಿಗೊಡದಿದ್ದರೆ ಹಲ್ಲು. 'ಸುಮ್ಮನೆ ಕೂತಿತ್ತು, ಇದ್ದಕ್ಕಿದ್ದಂತೆ ಕಚ್ಚಿಬಿಡ್ತು' ಎನ್ನುವವರು ಇಷ್ಟೂ ನೋಟಿಸುಗಳನ್ನು ಓದದೆ ಬಿಟ್ಟವರು.

ಗುರ್ ಎಂದದ್ದಕ್ಕೆ ಹೊಡೆಯುವುದಂತೂ ಶುದ್ಧ ದಡ್ಡತನ. ಹೊಡೆತದಿಂದ ಸದ್ದು ನಿಲ್ಲುತ್ತದೆ, ಒಳಗಿನ ಭಯ ಹಾಗೇ ಉಳಿಯುತ್ತದೆ. ಮುಂದಿನ ಸಲ ನಾಯಿ ಮುನ್ಸೂಚನೆಯಿಲ್ಲದೆ ನೇರ ಕೈಗೇ ಬಾಯಿ ಹಾಕುತ್ತದೆ. ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆಯನ್ನು ನೆಚ್ಚಿ ಕೈ ಚಾಚುವುದೂ ಬೇಡ. ಹೆದರಿ ಬೊಗಳುವ ನಾಯಿ ಹಿಂದೆ ಸರಿಯಲು ಜಾಗವಿಲ್ಲದಿದ್ದರೆ ಕಚ್ಚಿಯೇ ಕಚ್ಚುತ್ತದೆ. ಪರಿಚಯ ಬೆಳೆಸಬೇಕಿದ್ದರೆ ಪಕ್ಕಕ್ಕೆ ತಿರುಗಿ ನಿಂತು, ಕಣ್ಣಲ್ಲಿ ಕಣ್ಣಿಡದೆ, ಅದು ತಾನಾಗಿ ಬಂದು ಮೂಸಲಿ ಎಂದು ಕಾಯಿರಿ. ಬಂದರೆ ನೆತ್ತಿಯ ಮೇಲೆ ಕೈ ಇಳಿಸದೆ ಎದೆ ಅಥವಾ ಭುಜವನ್ನು ಮೂರು ಸೆಕೆಂಡು ಸವರಿ ಕೈ ತೆಗೆಯಿರಿ. ಮೈ ಒತ್ತಿದರೆ ಇನ್ನೂ ಬೇಕು ಎಂದರ್ಥ. ಮೈ ಕೊಡವಿ ಅತ್ತ ನೋಡಿದರೆ ಸಾಕು ಎಂದರ್ಥ. ಇಷ್ಟು ಸ್ಪಷ್ಟವಾಗಿ ನೆಂಟರೂ ಹೇಳುವುದಿಲ್ಲ.

ಹಾಗಂತ ನಾಯಿಯನ್ನು ಋಷಿ ಮಾಡುವುದೂ ಬೇಡ. ಭಾವನೆಯನ್ನು ಹತೋಟಿಯಲ್ಲಿಡುವ ಮೆಟ್ಟಿಲಲ್ಲಿ ಅದು ಪದೇಪದೇ ಮುಗ್ಗರಿಸುತ್ತದೆ. ಗುಡುಗು ನಿಂತುಹೋಗುತ್ತದೆ ಎಂದು ತನಗೆ ತಾನೇ ಹೇಳಿಕೊಳ್ಳಲು ಅದಕ್ಕೆ ಬಾರದು. ಆಗ ಪಕ್ಕದಲ್ಲಿ ಕೂತು ಮೈದಡವಿದರೆ ಭಯ ಹೆಚ್ಚುತ್ತದೆಂಬ ಹಳೆಯ ಎಚ್ಚರಿಕೆಯಲ್ಲಿ ಹುರುಳಿಲ್ಲ. ಸಮಾಧಾನ ಬಯಸಿ ಬಂದ ನಾಯಿಗೆ ಸಮಾಧಾನ ಮಾಡಬಹುದು. ನಮ್ಮ ಗಾಬರಿಯಾದರೋ ಅದಕ್ಕೆ ಅಂಟಿಬಿಡುತ್ತದೆ. ಸ್ವೀಡನ್ನಿನಲ್ಲಿ 2019ರಲ್ಲಿ ಯಜಮಾನರ ತಲೆಗೂದಲು ಮತ್ತು ನಾಯಿಗಳ ರೋಮದಲ್ಲಿ ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನನ್ನು ಅಳೆದಾಗ, ಎರಡರ ಏರಿಳಿತ ತಿಂಗಳುಗಟ್ಟಲೆ ಜೊತೆಜೊತೆಗೆ ಸಾಗಿದ್ದು ಕಂಡಿತು.

ವಾಕಿಂಗಿನಲ್ಲಿ ಇದು ದಿನವೂ ಕಾಣುತ್ತದೆ. ದೂರದಲ್ಲಿ ಇನ್ನೊಂದು ನಾಯಿ ಬರುವುದನ್ನು ಮೊದಲು ಕಾಣುವವರು ಯಜಮಾನರು. ಮುಂದೇನಾಗುವುದೋ ಎಂದು ಲೀಶನ್ನು ಕೈಗೆ ಎರಡು ಸುತ್ತು ಸುತ್ತಿಕೊಳ್ಳುತ್ತಾರೆ. ಕೊರಳಿನ ಪಟ್ಟಿ ಬಿಗಿಯುತ್ತದೆ, ನಾಯಿ ತಲೆಯೆತ್ತಿ ಏನೋ ಕಾದಿದೆ ಎಂದುಕೊಳ್ಳುತ್ತದೆ, ಎದುರಿನ ನಾಯಿ ಹತ್ತಿರವಾದೊಡನೆ ಬೊಗಳುತ್ತದೆ. 'ನಮ್ಮದಕ್ಕೆ ಬೇರೆ ನಾಯಿ ಕಂಡರಾಗದು' ಎಂದು ಯಜಮಾನರು ಕ್ಷಮೆ ಕೇಳುವ ದನಿಯಲ್ಲಿ ಹೇಳುತ್ತಾರೆ. ಬೊಗಳಿಕೆ ಶುರುವಾಗುವ ಮುಂಚೆಯೇ ಲೀಶನ್ನು ಇಂಗ್ಲಿಷಿನ ಯು ಅಕ್ಷರದಷ್ಟು ಜೋಲುಬಿಟ್ಟು, ನೇರ ಎದುರಿಗೆ ನಡೆಯದೆ ಅರ್ಧವೃತ್ತದಲ್ಲಿ ಬಳಸಿ ಹೋಗಿ, ನಾಯಿ ತಿರುಗಿ ನಿಮ್ಮ ಮುಖ ನೋಡಿದ ಗಳಿಗೆಯಲ್ಲೇ ಒಂದು ತುಣುಕು ತಿಂಡಿ ಕೊಡಿ. ಆ ಗಳಿಗೆಯಲ್ಲಿ ನಿಮ್ಮ ಹುಬ್ಬು ಗಂಟಿಕ್ಕಿರದಿದ್ದರೆ ಇನ್ನೂ ಒಳ್ಳೆಯದು.